ಬಾಲ ನೆಲ ಸವರಿದ ಮೀನು

ಅಪ್ಪನ ಮೀನಿನ ಕಥೆಯಲ್ಲಿ ಒಂದು ಸಂಗತಿ ಎಂದೂ ಬದಲಾಗಲಿಲ್ಲ. ಹುತ್ತೂರಿನ ಹತ್ತಿರದ ನಮ್ಮೂರ ಕೆರೆಯಲ್ಲಿ ಗಾಳಕ್ಕೆ ಬಿದ್ದ ಕಾಟ್ಲಾ ಮೀನನ್ನು ಅವರು ಕಿವಿರಿಗೆ ಬೆರಳು ಹಾಕಿ, ಹೆಗಲಿನಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ಮನೆಗೆ ತಂದಿದ್ದರು. ದಾರಿಯುದ್ದಕ್ಕೂ ಅದರ ಬಾಲ ನೆಲ ಸವರುತ್ತಿತ್ತು. ಮಣ್ಣಿನಲ್ಲಿ ಗೆರೆ ಬಿತ್ತು, ಗೆರೆ ಹಿಡಿದು ನಾಯಿಗಳು ಬಂದವು.

ಊರಿನಲ್ಲಿ ಯಾರೂ ನಂಬಲಿಲ್ಲ. ಕೆರೆ ಒಣಗಿ ಜಾಲಿ ಬೆಳೆದ ಮೇಲಂತೂ ಅಲ್ಲಿ ಅಂಥ ಮೀನಿತ್ತು ಎನ್ನುವುದೇ ತಮಾಷೆಯಾಯಿತು. ಬಸ್‌ಸ್ಟಾಪಿನ ಹೋಟೆಲಿನಲ್ಲಿ ಅಣ್ಣ ಕಂಡರೆ ಸಾಕು, "ಏನ್ಲಾ, ನಿಮ್ಮಪ್ಪನ ಮೀನು ಈ ವರ್ಷ ಇನ್ನೊಂದು ಮೊಳ ಬೆಳೀತಾ?" ಎಂದು ಯಾರಾದರೂ ಕೇಳುತ್ತಿದ್ದರು. ಅಪ್ಪ ಅದನ್ನು ಕೇಳಿ ನಗುತ್ತಿದ್ದರು. ಅಣ್ಣ ಟೀ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಿದ್ದ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಒಬ್ಬರೇ ಹೇಳಿದ, ಇನ್ನೊಬ್ಬರು ಖಚಿತಪಡಿಸದ ಸುದ್ದಿಯನ್ನು ಬದಿಗಿಡುವುದು ಅಭ್ಯಾಸ. ಅಪ್ಪನ ಮೀನನ್ನೂ ಹಾಗೆಯೇ ಬದಿಗಿಟ್ಟಿದ್ದೆ.

ಈಚೆಗೆ ಬೆಂಗಳೂರಿನಿಂದ ಶುದ್ಧೀಕರಿಸಿದ ನೀರು ಹರಿದು ಬಂದು ಕೆರೆ ತುಂಬಿತು. ಮರಿ ಬಿಟ್ಟರು, ಮೀನು ಬೆಳೆದವು. ಹಿಪ್ಪುನೇರಳೆ ತೋಟದ ಕೆಲಸ ಮುಗಿಸಿ ಅಣ್ಣ ಸಂಜೆಗಳಲ್ಲಿ ಏರಿಯ ಮೇಲೆ ಗಾಳ ಹಾಕಿ ಕೂರತೊಡಗಿದ. ಅವನಿಗೆ ಸಿಕ್ಕ ದೊಡ್ಡ ಕಾಟ್ಲಾ ಕೂಡ ಹೆಗಲಿನಿಂದ ಅವನ ಸೊಂಟದವರೆಗೆ ಇಳಿದರೆ ಹೆಚ್ಚು. ಒಂದು ದಿನ ಫೋನಿನಲ್ಲಿ ಥಾಯ್ಲೆಂಡಿನ ಕೆರೆಯೊಂದರ ವಿಡಿಯೊ ತೋರಿಸಿದ. ನಮ್ಮ ಕಾಟ್ಲಾದ ಹಾಗೆಯೇ ದೊಡ್ಡ ತಲೆಯ ಗೆಂಡೆ ಮೀನು. ಅದನ್ನು ತಬ್ಬಿ ನಿಂತವನ ಎದೆಯೇ ಕಾಣುತ್ತಿರಲಿಲ್ಲ.

"ಅಲ್ಲಿಗೆ ಹೋಗ್ತೀನಿ. ನೀನೂ ಬಾ, ಇಂಗ್ಲಿಷ್ ಮಾತಾಡೋಕೆ. ಹೆಗಲಿಗೆ ಹಾಕ್ಕೊಂಡು ಒಂದು ಫೋಟೊ. ಬಾಲ ನೆಲಕ್ಕೆ ತಾಗಿರ್ಬೇಕು, ಅಷ್ಟೇ. ಆಮೇಲೆ ಹೋಟ್ಲಲ್ಲಿ ಯಾರು ಬಾಯಿ ತೆಗೀತಾರೋ ನೋಡ್ತೀನಿ."

ಹೋದೆವು. ಅಣ್ಣ ಚೀಲದಲ್ಲಿ ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ ತಂದಿದ್ದ. ಲಾಡ್ಜಿನ ಕೆಟಲ್ಲಿನಲ್ಲಿ ನೀರು ಕಾಯಿಸಿ ಮುದ್ದೆ ಕಟ್ಟಿ, ಉಂಡೆ ಮಾಡಿದ. ಕೆರೆಯ ಗೈಡ್ ಒಂದು ಉಂಡೆ ಮೂಸಿ ನೋಡಿ, ತಲೆಯಾಡಿಸಿ, ತನ್ನ ಅಕ್ಕಿ ತೌಡಿನ ಉಂಡೆ ಮುಂದಿಟ್ಟ. ರಾಗಿಗೆ ಸಣ್ಣ ಮೀನುಗಳು ಮುತ್ತಿಕೊಂಡವು. ಕೊನೆಗೆ ಅಣ್ಣ ತೌಡಿನ ಉಂಡೆಯನ್ನೇ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ದಾರ ಸೆಟೆದುಕೊಂಡಿತು. ಮೀನು ಜಿಗಿಯಲಿಲ್ಲ, ನೀರು ಸಿಡಿಯಲಿಲ್ಲ. ಕೆರೆಯ ಆಳದಲ್ಲಿ ಏನೋ ಒಂದು, ತನ್ನ ಪಾಡಿಗೆ ತಾನು, ಆಚೆ ದಡದ ಕಡೆಗೆ ಹೊರಟಿತು. ಬಗ್ಗಿದ ಕೋಲನ್ನು ಹೊಟ್ಟೆಗೆ ಒತ್ತಿಕೊಂಡು ಅಣ್ಣ ಅದರ ಹಿಂದೆ ದಡದಲ್ಲೇ ನಡೆದ. ಬಹಳ ಹೊತ್ತಾದ ಮೇಲೆ ಅದು ಮೇಲೆ ಬಂತು. ಮೊದಲು ಕಂಡದ್ದು ತಲೆ, ಕೊಪ್ಪರಿಗೆಯನ್ನು ಬೋರಲು ಹಾಕಿದಂತೆ. ಆಮೇಲೆ ಬೆನ್ನು ಬರುತ್ತಲೇ ಇತ್ತು. ಅಂಗೈಯಗಲದ ಹುರುಪೆಗಳು ಒಂದರ ಮೇಲೊಂದು, ಹೆಂಚು ಹೊದಿಸಿದ ಮನೆಯ ಹಾಗೆ. ನನ್ನ ಕೈಯಲ್ಲಿ ಫೋನಿತ್ತು. ಫೋಟೊ ತೆಗೆಯುವುದು ಮರೆತೇಹೋಯಿತು.

ಗೈಡ್ ಬಲೆ ಹಿಡಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಅಣ್ಣ ಇಳಿದವನೇ ನಮ್ಮೂರಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ: ಕಿವಿರಿಗೆ ಬೆರಳು ತೂರಿಸಲು ಹೋದ. ಗೈಡ್ ಅವನ ಕೈಗೆ ಫಟ್ಟನೆ ಹೊಡೆದ. ಕಿವಿರು ಮುಟ್ಟಬಾರದು, ನೀರಿನಿಂದ ಎತ್ತಬಾರದು, ನೋಡಿಯಾದ ಮೇಲೆ ಬಿಟ್ಟುಬಿಡಬೇಕು. ಅಲ್ಲಿಯ ನಿಯಮವದು.

"ಒಂದೇ ನಿಮಿಷ ಹೆಗಲಿಗೆ ಹಾಕ್ಕೋತೀನಿ ಅಂತ ಹೇಳೋ!" ಅಣ್ಣ ನನ್ನತ್ತ ಕೂಗಿದ.

ಹೇಳಿದೆ. ಗೈಡ್ ಒಪ್ಪಲಿಲ್ಲ. ಅಣ್ಣ ನೀರಿನ ಮೇಲೆ ಅಂಗಾತ ತೇಲುತ್ತಾ ಮೀನಿನ ಪಕ್ಕ ಉದ್ದಕ್ಕೆ ಮಲಗಿ, ಅದರ ಬಾಯಿಯ ನೇರಕ್ಕೆ ತನ್ನ ಹೆಗಲು ತಂದ.

"ಬಾಲ ಎಲ್ಲಿಗೆ ಬಂತು? ನೋಡಿ ಸರಿಯಾಗಿ ಹೇಳು."

ನೋಡಿದೆ. ಬಾಲ ಅವನ ಮೊಣಕಾಲು ದಾಟಿತ್ತು. ಪಾದ ಮುಟ್ಟಿರಲಿಲ್ಲ.

"ಮೊಣಕಾಲಿಂದ ಒಂದು ಗೇಣು ಕೆಳಕ್ಕೆ ಅಣ್ಣ."

ಅವನು ಎದ್ದು ನಿಂತ. ಗೈಡ್ ಬಲೆ ತಗ್ಗಿಸಿದ. ಮೀನು ಅವಸರ ಮಾಡಲಿಲ್ಲ; ಅಣ್ಣನ ಅಂಗೈಗಳ ಮೇಲಿಂದ ನಿಧಾನವಾಗಿ ಸರಿದು ಕಂದು ನೀರಿನಲ್ಲಿ ಕರಗಿತು. ಇಷ್ಟು ದೊಡ್ಡದನ್ನು ಈ ಸೀಸನ್ನಿನಲ್ಲಿ ಕಂಡಿಲ್ಲವೆಂದು ಗೈಡ್ ಹೇಳಿದ. ಅಣ್ಣನಿಗೆ ಅದನ್ನು ತಿಳಿಸಿದ್ದು ತಪ್ಪಾಯಿತೇನೋ. ಇದರ ಬಾಲವೇ ನೆಲಕ್ಕೆ ತಾಗದಿದ್ದರೆ ಅಪ್ಪನ ಮೀನಿನ ಗತಿಯೇನು?

ಊರಿಗೆ ಬಂದಾಗ ಅಪ್ಪ ಏರಿಯ ಮೇಲೆ ಕೂತು ಹಸು ಮೇಯಿಸುತ್ತಿದ್ದರು. ಅಣ್ಣ ಎಲ್ಲವನ್ನೂ ಹೇಳಿದ, ನೀರಿನಲ್ಲಿ ಮಲಗಿ ಅಳೆದದ್ದನ್ನೂ. ಕೊನೆಗೆ, "ನೆಲಕ್ಕೆ ತಾಗ್ಲಿಲ್ಲ ಅಪ್ಪ," ಎಂದ.

"ನಿನಗೆಲ್ಲಿ ತಾಗುತ್ತೋ?" ಅಪ್ಪ ನಕ್ಕರು. "ಇಷ್ಟೆತ್ತರ ಬೆಳೆದಿದೀಯ. ನಾನಾಗ ಇಷ್ಟಿದ್ದೆ ಕಣೋ," ಎಂದು ಪಕ್ಕದಲ್ಲಿ ಮೇಯುತ್ತಿದ್ದ ಕರುವಿನ ಬೆನ್ನಿಗಿಂತ ಒಂದು ಮೊಳ ಮೇಲೆ ಕೈ ಹಿಡಿದರು. "ಇನ್ನೂ ಮೀಸೆ ಬಂದಿರ್ಲಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಅಣ್ಣ ಕೇಳಿದ.

"ಮೀನೆಷ್ಟಿತ್ತು ಅಂತ ಕೇಳ್ತಿದ್ರಿ. ನಾನೆಷ್ಟಿದ್ದೆ ಅಂತ ಯಾರು ಕೇಳಿದ್ರು?"

ಹೊಸ ವರದಿಗಾರರಿಗೆ ನಾನು ಮೊದಲು ಹೇಳಿಕೊಡುವುದೇ 'ಯಾವಾಗ?' ಎಂದು ಕೇಳುವುದನ್ನು. ನಮ್ಮ ಕಣ್ಣಿನಲ್ಲಿ ಅಪ್ಪ ಹುಟ್ಟಿದಾಗಿನಿಂದಲೂ ಅಪ್ಪನೇ ಆಗಿದ್ದರು. ಆ ಕಥೆಯೊಳಗೆ ಒಬ್ಬ ಹುಡುಗನಿರಬಹುದೆಂದು ತೋಚಿರಲಿಲ್ಲ.

ಅಣ್ಣ ಜೋರಾಗಿ ನಕ್ಕ. ಅಪ್ಪ ಮಾತ್ರ ಅಷ್ಟರಲ್ಲಿ ನಗು ನಿಲ್ಲಿಸಿದ್ದರು. ದೊಣ್ಣೆಯ ತುದಿಯನ್ನು ಅಣ್ಣನ ಮೊಣಕಾಲಿನ ಕೆಳಗೆ ಇಟ್ಟು, "ಇಲ್ಲೀಗಂಟಾ?" ಎಂದರು.

"ಇನ್ನೂ ಸ್ವಲ್ಪ ಕೆಳಕ್ಕೆ."

ದೊಣ್ಣೆ ಕೆಳಗಿಳಿಯಿತು. ಅಪ್ಪ ಅಲ್ಲಿಂದ ಮೇಲಕ್ಕೆ, ಮಗನ ಹೆಗಲಿನವರೆಗೆ, ಮೆಲ್ಲಗೆ ಕಣ್ಣು ಹಾಯಿಸಿದರು. ಮತ್ತೆ ಕೆಳಗೆ ನೋಡಿದರು.

"ಅಯ್ಯಪ್ಪಾ," ಎಂದರು. "ಅಂಥದ್ದೂ ಇರುತ್ತೇನ್ಲಾ?"