ಜಗಲಿಗಿಟ್ಟ ಮಣೆ

ಪಂಚಾಯತಿಯ ಹಿಂದಿನ ಕೋಣೆ ತೊಳೆಯುವಾಗ, ಹಳೆ ನಲ್ಲಿ ಮೀಟರುಗಳ ರಾಶಿಯಡಿಯಲ್ಲಿ ಒಂದು ಮಣೆ ಸಿಕ್ಕಿತು. ಗೇಣೆತ್ತರದ ಹಲಸಿನ ಮಣೆ. ಒಣಗಿದ್ದಾಗ ಏನೂ ಗೊತ್ತಾಗಲಿಲ್ಲ. ಒಂದು ಬಾಲ್ದಿ ನೀರು ಹೊಯ್ದದ್ದೇ ತಡ, ಮೀನಿನ ವಾಸನೆ ಎದ್ದಿತು. ಇಷ್ಟು ವರ್ಷ ಮರದೊಳಗೆ ಸುಮ್ಮನೆ ಕೂತಿದ್ದ ವಾಸನೆ.

ಮಾರನೆಯ ದಿನ ನಮ್ಮಲ್ಲಿ ತರಬೇತಿ ಇತ್ತು. ಜನಪ್ರತಿನಿಧಿಗಳು, ನೌಕರರು ಹೇಗೆ ನಡೆದುಕೊಳ್ಳಬೇಕು, ಯಾರಿಂದ ಏನು ತೆಗೆದುಕೊಳ್ಳಬಾರದು, ಕೆಲಸ ಮಾಡಿಸಿಕೊಡುವ ಮಧ್ಯವರ್ತಿಗಳನ್ನು ಎಷ್ಟು ದೂರದಲ್ಲಿ ಇಡಬೇಕು ಎಂಬ ಹೊಸ ನಿಯಮಗಳ ತರಬೇತಿ. ಅದಕ್ಕೇ ಕಚೇರಿ ತೊಳೆಯುತ್ತಿದ್ದದ್ದು. ನಾನು ಪೊರಕೆ ಬಿಟ್ಟು ಮಣೆ ಹಿಡಿದುಕೊಂಡು ನಿಂತೆ. ಇದು ಹಿಂದೆ ನಮ್ಮ ಅಧ್ಯಕ್ಷೆಯಾಗಿದ್ದ ಅಕ್ಕನ ಮಣೆ.

ಅಕ್ಕ ಮೀನು ಮಾರುವವಳು. ಬೆಳಕು ಹರಿಯುವ ಮೊದಲು ಗಂಗೊಳ್ಳಿ ಬಂದರಿಗೆ ಹೋಗಿ ಮೀನು ತಂದು, ಪೇಟೆಯ ಮೀನಿನ ಸಾಲಿನಲ್ಲಿ ಈ ಮಣೆಯ ಮೇಲೆ ಕೂತು ಮಾರುತ್ತಿದ್ದಳು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ವರ್ಷ ಯಾರೋ ನಿಲ್ಲಿಸಿದರು, ಗೆದ್ದಳು, ಅಧ್ಯಕ್ಷೆಯೂ ಆದಳು. ಬಾಯಿ ಸತ್ತ ಹೆಂಗಸು, ಹೇಳಿದಲ್ಲಿ ಸಹಿ ಹಾಕುತ್ತಾಳೆ ಎಂಬ ಲೆಕ್ಕಾಚಾರ ಅವರದ್ದು. ಮೀನು ಮಾರುವವಳಿಗೆ ಬಾಯಿ ಇಲ್ಲ ಎಂದುಕೊಂಡವರ ಬುದ್ಧಿಗೆ ಏನು ಹೇಳುವುದು!

ನಾನು ಆಗ ಅಲ್ಲಿ ದಿನಗೂಲಿಯ ಗುಮಾಸ್ತೆ. ಸಭೆಯ ನಡವಳಿ ಬರೆಯುವುದು, ಚಾ ತರಿಸುವುದು, ಅರ್ಜಿ ಜೋಡಿಸುವುದು... ನನ್ನ ಮೇಜು ಬಾಗಿಲ ಪಕ್ಕದಲ್ಲೇ ಇತ್ತು.

ಅಧ್ಯಕ್ಷೆಯಾದ ಮೊದಲ ವಾರವೇ ಒಬ್ಬ ಮಧ್ಯವರ್ತಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಮೊಳದುದ್ದದ ಅಂಜಲ್ ಮೀನು. ಕಡಲಕರೆಯಲ್ಲಿ ರೆಸಾರ್ಟ್ ಕಟ್ಟುವವರ ಪರವಾಗಿ ಓಡಾಡುವವನು. ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು, ಮೀನಿನ ಕಿವಿರು ಎತ್ತಿ ನೋಡಿದಳು.

"ಹ್ವಾಯ್, ನಂಗೆ ಮೀನ್ ಕೊಡುಕೆ ಬಂದದ್ದಾ ನೀವ್? ಕಾಣಿ ಮರಾಯ್ರೆ, ಎರಡ್ ದಿನ ಐಸಲ್ಲಿ ಮಲ್ಕಂಡದ್ದ್ ಇದ್. ಲಂಚ ಕೊಡುದಾರೆ ತಾಜಾ ಆದ್ರೂ ತರುಕಾಗ್ದಾ?"

ಇಡೀ ಕಚೇರಿ ನಕ್ಕಿತು. ಅವನೂ ನಗಬೇಕಾಯಿತು. ಪೆಟ್ಟಿಗೆ ಹೊತ್ತುಕೊಂಡು ಹೋದ. ಉಪಾಧ್ಯಕ್ಷರು ಮಾತ್ರ ನಗಲಿಲ್ಲ. ಆ ರೆಸಾರ್ಟಿನವರ ಕಾರಿನಲ್ಲೇ ಅವರು ಮನೆಗೆ ಹೋಗುತ್ತಿದ್ದದ್ದು.

ಮೀನಿನ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ಯಾರದ್ದಾದರೂ ಬುಟ್ಟಿಯ ಮೀನು ಹಾಳಾಗಿದೆ ಎಂದು ತಕರಾರು ಬಂದರೆ, ಆ ಬುಟ್ಟಿಯವಳು ಎದ್ದು ಆಚೆ ಹೋಗಿ ಕೂರಬೇಕು. ಉಳಿದ ಹೆಂಗಸರು ನೋಡಿ ತೀರ್ಮಾನ ಹೇಳಬೇಕು. ತಮ್ಮ ತಮ್ಮ ಮೀನು ಅವರವರ ಮೂಗಿಗೆ ನಾರುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಅದೇ ಪದ್ಧತಿಯನ್ನು ಅವಳು ಪಂಚಾಯತಿಗೆ ತಂದಳು. ಈ ಮಣೆಯನ್ನು ಮನೆಯಿಂದ ತಂದು ಹೊರಗಿನ ಜಗಲಿಯಲ್ಲಿಟ್ಟಳು.

"ಯಾರ್ ಮನೆ ವಿಷ್ಯ ಬತ್ತೋ ಅವ್ರ್ ಹೊರ್ಗೆ. ಕೂಕಂಬುಕೆ ಮಣೆ ನಾನೇ ಕೊಡ್ತೆ."

ಮೊದಲು ಆ ಮಣೆಯ ಮೇಲೆ ಕೂತವರು ಉಪಾಧ್ಯಕ್ಷರು. ಅವರ ಅಳಿಯನಿಗೆ ರಸ್ತೆಯ ಗುತ್ತಿಗೆ ಕೊಡುವ ವಿಷಯ ಬಂದಿತ್ತು. ಬಿಳಿ ಪಂಚೆ ಮೇಲೆತ್ತಿ, ಮೂಗು ಮುರಿದು, ಅರ್ಧ ತಾಸು ಮೀನಿನ ವಾಸನೆಯಲ್ಲಿ ಕೂತರು. ಗುತ್ತಿಗೆ ಅಳಿಯನಿಗೆ ಸಿಗಲಿಲ್ಲ. ಒಳಗೆ ಬರುವಾಗ ಅವರು ಅಕ್ಕನನ್ನು ನೋಡಿದ ನೋಟ ನನಗೆ ಈಗಲೂ ಕಾಣುತ್ತದೆ...

ಎರಡು ವರ್ಷ ಆ ಮಣೆ ಸರಿಯಾಗಿ ಕೆಲಸ ಮಾಡಿತು. ಆಮೇಲೆ ಒಂದು ಸಭೆಯಲ್ಲಿ ಅಕ್ಕನ ತಮ್ಮನ ಅರ್ಜಿ ಬಂತು. ಮಂಜುಗಡ್ಡೆ ಮಾರುವ ಸಣ್ಣ ಅಂಗಡಿಗೆ ಪರವಾನಗಿ. ಯಾರೂ ಹೇಳುವ ಮೊದಲೇ ಅಕ್ಕ ಎದ್ದಳು. "ನಾ ಹೊರ್ಗೆ ಕೂಕಂತೆ. ಕೊಡ್ತ್ರೋ ಬಿಡ್ತ್ರೋ, ನಿಮ್ಗೆ ಬಿಟ್ಟದ್ದ್" ಎಂದು ಹೋಗಿ, ಬಾಗಿಲಿಗೆ ಬೆನ್ನು ಹಾಕಿ ಕೂತಳು. ತನ್ನ ಮುಖ ಕಂಡರೆ ಒಳಗಿನವರಿಗೆ ಸಂಕೋಚವಾದೀತು ಎಂದು ಬೆನ್ನು ಹಾಕಿದ್ದು. ಅಂಥವಳು.

ಉಪಾಧ್ಯಕ್ಷರು ಅವಳ ಕುರ್ಚಿಯಲ್ಲಿ ಕೂತರು. ತಮ್ಮನ ಪರವಾನಗಿ ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವರು ದನಿ ತಗ್ಗಿಸಿ ನನಗೆ ಹೇಳಿದರು, "ಬರಿ. ಅಧ್ಯಕ್ಷರ ಅನುಮತಿ ಮೇರೆಗೆ ಬಂದ ಇತರ ವಿಷಯ."

ಕಡಲಕರೆಯ ಹೊಯಿಗೆ ಜಾಗ, ಮರಳಿನ ಬಯಲು. ಊರಿನ ಹೆಂಗಸರು ತಲೆಮಾರುಗಳಿಂದ ಬೈಗೆ ಮೀನು, ಚಟ್ಲಿ ಸಿಗಡಿ ಒಣಗಿಸುತ್ತಿದ್ದ ಜಾಗ. ಅಲ್ಲಿ ರೆಸಾರ್ಟು ಬರುವುದಕ್ಕೆ ಪಂಚಾಯತಿಯ ಆಕ್ಷೇಪಣೆ ಇಲ್ಲ ಎಂಬ ನಿರ್ಣಯ.

ನನ್ನ ಪೆನ್ನು ನಿಂತಿತು. "ಅಧ್ಯಕ್ಷರು ಹೊರಗಿದ್ದಾರಲ್ಲ?" ಎಂದೆ.

"ಈ ಕುರ್ಚಿಯಲ್ಲಿ ಕೂತವನೇ ಅಧ್ಯಕ್ಷ. ನಿನ್ನ ಕೆಲಸ ಖಾಯಂ ಆಪುಕೆ ಇತ್ತಲ್ದಾ ಮರಾಯ್ತಿ? ಬರಿ."

ಸದಸ್ಯರು ಮೇಜು ನೋಡುತ್ತಿದ್ದರು. ಅಭಿವೃದ್ಧಿ ಅಧಿಕಾರಿ ಮೊಬೈಲು ನೋಡುತ್ತಿದ್ದರು. ನಾನು ಬರೆದೆ. ನನ್ನ ಅಕ್ಷರ ದುಂಡಗೆ ಇದೆ ಎಂದು ಎಲ್ಲರೂ ಹೊಗಳುತ್ತಾರೆ. ಅಷ್ಟೇ ದುಂಡಗೆ ಬರೆದೆ.

ಅಕ್ಕನನ್ನು ಒಳಗೆ ಕರೆದರು. ಸಹಿಗೆ ಪುಸ್ತಕ ಮುಂದಿಟ್ಟದ್ದು ನಾನೇ. ಅವಳು ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿ ಸಹಿ ಹಾಕುವವಳು. ಆ ದಿನ ಓದಲಿಲ್ಲ. ಎಡಗೈಯನ್ನು ಪುಟದ ಮೇಲೆ ಅಡ್ಡ ಇಟ್ಟು ಮುಚ್ಚಿಕೊಂಡಳು. "ತಮ್ಮನ್ ವಿಷ್ಯ ಇಪ್ಪು ಪುಟ ನಾ ಓದುಕಾಗ" ಎಂದು ಕೈಯ ಕೆಳಗೆ ಸಹಿ ಹಾಕಿದಳು. ತಾನು ಮಾಡಿದ ನಿಯಮವನ್ನು ಒಂದು ಗೇಣು ಹೆಚ್ಚಾಗಿಯೇ ಪಾಲಿಸಿದಳು. ಉಪಾಧ್ಯಕ್ಷರ ಮೀಸೆಯ ಅಡಿಯಲ್ಲಿ ನಗು ಕಂಡಿತು. ನಾನು ಮಸಿ ಒಣಗಲಿ ಎಂದು ಗಾಳಿ ಹಾಕಿದೆ.

ತಿಂಗಳೊಳಗೆ ಹೊಯಿಗೆಯಲ್ಲಿ ಕಂಬ ಬಂತು, ತಂತಿ ಬಂತು. ಹೆಂಗಸರು ಖಾಲಿ ಬುಟ್ಟಿ ಹಿಡಿದು ಪಂಚಾಯತಿಗೆ ಬಂದರು. ಉಪಾಧ್ಯಕ್ಷರು ಪುಸ್ತಕ ತೆಗೆದು ತೋರಿಸಿದರು. ಒಂದೇ ಪುಟ. ಮೇಲೆ ತಮ್ಮನ ಪರವಾನಗಿ, ಕೆಳಗೆ ಹೊಯಿಗೆ ಜಾಗ, ಅದರ ಕೆಳಗೆ ಅಕ್ಕನ ಸಹಿ. ಅವರು ಬೇರೇನೂ ಹೇಳಬೇಕಾಗಲೇ ಇಲ್ಲ. ತಮ್ಮನಿಗೆ ಅಂಗಡಿ ಮಾಡಿಸಿಕೊಂಡು ಊರಿನ ಜಾಗ ಮಾರಿದಳು ಎಂದು ಸಂಜೆಯೊಳಗೆ ಪೇಟೆಯೆಲ್ಲ ಮಾತಾಯಿತು. ಬೇಕೆಂದೇ ಹೊರಗೆ ಹೋಗಿ ನಾಟಕ ಮಾಡಿದಳಂತೆ!

ಮೀನಿನ ಸಾಲಿನಲ್ಲಿ ಅವಳ ಜಾಗದಲ್ಲಿ ಯಾರೋ ಬುಟ್ಟಿ ಇಟ್ಟರು. ಅವಳು ನಿಂತಳು. ಯಾರೂ ಸರಿಯಲಿಲ್ಲ. "ನಿಮ್ಗೆ ಎಂತಕೆ ಮೀನ್ ಮಾರೂದ್ ಇನ್ನ್? ಜಾಗ ಮಾರಿ" ಎಂದಳಂತೆ ಒಬ್ಬಳು, ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತಿದ್ದವಳು.

ಅಕ್ಕ ನನ್ನ ಮೇಜಿನ ಹತ್ತಿರ ಬಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೆಣೆ, ನೀ ಅಲ್ಲೇ ಇದ್ದೆ ಅಲ್ದಾ? ಎಂತ ಆಯ್ತ್ ಅಂತ ಅವ್ರಿಗೆ ಹೇಳ್ ಕಾಂಬ."

"ನಂಗೆ ಸರಿ ನೆನಪಿಲ್ಲ ಅಕ್ಕ" ಎಂದೆ.

ಅವಳು ಇನ್ನೊಮ್ಮೆ ಕೇಳಲಿಲ್ಲ. ಅವಧಿ ಮುಗಿಯುವ ತನಕ ಬಂದಳು, ಓದಿ ಓದಿ ಸಹಿ ಹಾಕಿದಳು, ಆಮೇಲೆ ಮಗಳ ಮನೆಗೆ ಹೋದಳು. ಮಣೆ ಮಾತ್ರ ತೆಗೆದುಕೊಂಡು ಹೋಗಲಿಲ್ಲ. ಮೀನಿನ ಸಾಲಿನಲ್ಲಿ ಜಾಗವಿಲ್ಲದವಳಿಗೆ ಮಣೆ ಯಾಕೆ... ಹೋದ ಮಳೆಗಾಲದಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು. ನನ್ನ ಕೆಲಸ ಖಾಯಂ ಆಗಿ ಎಷ್ಟೋ ವರ್ಷವಾಗಿತ್ತು.

ತರಬೇತಿಗೆ ಮುಖ್ಯ ಅತಿಥಿಯಾಗಿ ಬಂದವರು ಅದೇ ಉಪಾಧ್ಯಕ್ಷರು. ಈಗ ದೊಡ್ಡ ಜನ, ಹಿಂದೆ ಮುಂದೆ ಕಾರುಗಳು. ಶಾಲು ಹೊದೆಸಿದ ಮೇಲೆ ಹೊಸ ನಿಯಮದ ಪುಸ್ತಿಕೆ ಎತ್ತಿ ಹಿಡಿದರು. "ತನ್ನ ಹಿತಾಸಕ್ತಿಯ ವಿಷಯ ಬಂದಾಗ ಸದಸ್ಯರು ಸಭೆಯಿಂದ ಹೊರಗೆ ಹೋಗಬೇಕು. ಇದು ಹೊಸತಲ್ಲ. ನಾವು ಇದೇ ಪಂಚಾಯತಿಯಲ್ಲಿ ಎಂದೋ ಜಾರಿಗೆ ತಂದಿದ್ದೆವು" ಎಂದರು. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ.

"ಅದನ್ನು ತಂದದ್ದು ನೀವಲ್ಲ, ಅಧ್ಯಕ್ಷೆ ಅಕ್ಕ. ಅವಳು ಹೊರಗೆ ಕೂತಿದ್ದಾಗ ನೀವು ಒಳಗೆ ಹೊಯಿಗೆ ಜಾಗ ಕೊಟ್ಟಿರಿ. ಆ ಪುಟ ಬರೆದವಳು ನಾನು. ಈ ಪುಸ್ತಿಕೆಯಲ್ಲಿ ಇನ್ನೂ ಒಂದು ಸಾಲು ಬೇಕು. ಒಬ್ಬರು ಹೊರಗಿದ್ದಾಗ ಅವರು ಯಾಕೆ ಹೊರಗೆ ಹೋದರೋ ಆ ವಿಷಯ ಬಿಟ್ಟು ಬೇರೇನೂ ತೆಗೆಯಬಾರದು. ಅವರು ಒಳಗೆ ಬಂದ ಮೇಲೆ, ಬರೆದದ್ದನ್ನೆಲ್ಲ ಜೋರಾಗಿ ಓದಬೇಕು."

ಅವರು ಶಾಲು ಸರಿಮಾಡಿಕೊಂಡರು. "ಇವರಿಗೆ ಹಳೆಯದೆಲ್ಲ ನೆನಪು ಬತ್ತಾ ಇತ್ತ್ ಕಾಣಿ" ಎಂದು ನಕ್ಕರು. ಸಭೆಯಲ್ಲಿ ಕೆಲವರು ನಕ್ಕರು. ಅಷ್ಟರಲ್ಲಿ ಚಾ ಬಂತು. ಯಾರೂ ಯಾವ ಸಾಲನ್ನೂ ಬರೆದುಕೊಳ್ಳಲಿಲ್ಲ.

ಹೌದು, ನೆನಪು ಬರುತ್ತಿದೆ. ಬರಬೇಕಾದ ದಿನ ಬರಲಿಲ್ಲ. ಕೇಳಬೇಕಾದವಳು ಇದ್ದಾಗ ಬರಲಿಲ್ಲ. ಹೊಯಿಗೆ ಜಾಗಕ್ಕೆ ಈಗ ಎತ್ತರದ ಗೋಡೆ ಇದೆ, ಒಳಗೆ ಹುಲ್ಲು ಬೆಳೆಸಿದ್ದಾರೆ. ಹೆಂಗಸರು ಹೆದ್ದಾರಿಯ ಬದಿಯಲ್ಲಿ, ಲಾರಿಗಳ ಧೂಳಿನಲ್ಲಿ ಬೈಗೆ ಒಣಗಿಸುತ್ತಾರೆ. ಅಲ್ಲಿ ಈಗಲೂ ಅಕ್ಕನಿಗೇ ಶಾಪ ಹಾಕುತ್ತಾರೆ. ಆಮೇಲೊಂದು ದಿನ ನಾನು ಹೋಗಿ ನಡೆದದ್ದು ಹೇಳಿದೆ. ಕೆಲವರು ನಂಬಿದರು, ಒಬ್ಬಳು "ಇಷ್ಟ್ ದಿನ ನಿನ್ ಬಾಯಿಗೆ ಎಂತ ಆಯಿತ್?" ಎಂದು ಕೇಳಿದಳು.

ತರಬೇತಿಯ ದಿನ ಎಲ್ಲರೂ ಹೋದ ಮೇಲೆ ಮಣೆಯನ್ನು ತಂದು ಜಗಲಿಯಲ್ಲಿ ಹಳೇ ಜಾಗದಲ್ಲೇ ಇಟ್ಟೆ. ಅವಳ ಹಾಗೆ ಬಾಗಿಲಿಗೆ ಬೆನ್ನು ಹಾಕಿ ಕೂತು ನೋಡಿದೆ. ಒಳಗೆ ಯಾರೋ ಕುರ್ಚಿ ಜೋಡಿಸುತ್ತಿದ್ದ ಸದ್ದು ಸ್ಪಷ್ಟವಾಗಿ ಕೇಳಿತು. ಎದ್ದು ಒಳಗೆ ಹೋಗಿ ನನ್ನ ಮೇಜಿನ ತನಕ ಹೆಜ್ಜೆ ಎಣಿಸಿದೆ.

ನಾಲ್ಕು.

ಹ್ವಾಯ್ ಅಕ್ಕ, ಒಳ್ಗೆ ಬನ್ನಿ ಎಂದು ಒಮ್ಮೆ ಕೂಗಿದ್ದರೆ ಸಾಕಿತ್ತು.