ಸೇತುವೆಗೆ ನೀರೆರೆದ ದಿನಗಳು

ಕಂಡದ್ದನ್ನು ಕಂಡಷ್ಟೇ ಬರೆಯುವವಳು. ಕಾಣದುದನ್ನು ಕಾಣೆನೆಂದೇ ಬರೆಯುವವಳು. ಇಟ್ಟ ವಸ್ತು ಇಟ್ಟಲ್ಲಿಯೇ ದೊರೆಯಬೇಕೆಂಬ ನೇಮದವಳು. ಭಾನುವಾರದ ಪ್ರಾರ್ಥನೆಗೂ ಸೋಮವಾರದ ಕೆಲಸಕ್ಕೂ ಒಂದೇ ಮನಸ್ಸಿನಿಂದ ಹೊರಡುವವಳು. ಎದುರುಗಾಳಿಯಲ್ಲಿ ಸೈಕಲ್ ತುಳಿಯುವಾಗಲೂ ಯಾರನ್ನೂ ಶಪಿಸದವಳು. ಇಂತಹ ಗುಣಗಳ ಒಡತಿಗೆ ಅಲೈಡಾ ಪೋಸ್ತಮಾ ಎಂದು ಹೆಸರು.

ಕಾಲುವೆಗಳ ನಾಡಾದ ಫ್ರೀಸ್‌ಲ್ಯಾಂಡಿನ ಹಳೆಯ ಸೇತುವೆಗಳು ಎಂದು, ಎಲ್ಲಿ ಸೋಲಬಹುದೆಂದು ಮುಂಗಾಣುವ ಸಂಶೋಧಕರ ತಂಡವೊಂದಿತ್ತು. ಅದರ ದತ್ತಾಂಶಗಳನ್ನು ಕಾಯುವುದೇ ಅಲೈಡಾಳ ಕಾಯಕ. ಅವುಗಳಲ್ಲಿ ತೊಂಬತ್ತು ವರ್ಷದ ಒಂದು ಎತ್ತುಸೇತುವೆಯ ಅಂಕಿಗಳೂ ಇದ್ದವು. ದೋಣಿ ಬಂದಾಗ ಏಳುತ್ತ, ಹೋದಾಗ ಇಳಿಯುತ್ತ ಬಂದ ಆ ಉಕ್ಕು ಅನುಭವಿಸುವ ಸೆಳೆತವನ್ನು ಸಂವೇದಕಗಳು ನಾಲ್ಕು ವರ್ಷ ಅಳೆದಿದ್ದವು. ಆ ಅಂಕಿಗಳ ನಡುವೆ ಮೂವತ್ತನಾಲ್ಕು ಕಡೆ ಹಠಾತ್ತಾದ ಜಿಗಿತಗಳು. ಅವನ್ನು ಲೆಕ್ಕಕ್ಕೆ ಹಿಡಿದರೆ ಸೇತುವೆಯನ್ನು ಕೂಡಲೇ ಮುಚ್ಚಬೇಕು. ಬಿಟ್ಟರೆ ಇನ್ನು ಇಪ್ಪತ್ತು ವರ್ಷ ಭಯವಿಲ್ಲ. ಮುಚ್ಚಿದರೆ ಆಚೆ ದಡದ ಮಕ್ಕಳು ಒಂಬತ್ತು ಕಿಲೋಮೀಟರ್ ಬಳಸಿಕೊಂಡು ಶಾಲೆಗೆ ಹೋಗಬೇಕು. ಪುರಸಭೆ ಶುಕ್ರವಾರಕ್ಕೆ ಉತ್ತರ ಕೇಳಿತ್ತು.

“ಸಂವೇದಕದ ಬಿಕ್ಕಳಿಕೆ ಕಣ್ರೀ ಅದು, ಒರೆಸಿಬಿಡೋಣ,” ಎಂದ, ಮುನ್ಸೂಚನೆಯ ಲೆಕ್ಕ ಮಾಡುವ ಯೋರಿಸ್.

“ಯಾಕೆ ಬಿಕ್ಕಳಿಸ್ತು ಅಂತ ಗೊತ್ತಾ ನಿಂಗೆ?”

“ಇಲ್ಲ.”

“ಮತ್ತೆ ಯಾವ ಧೈರ್ಯದ ಮೇಲೆ ಒರೆಸ್ತೀಯ?”

“ನಾಳಿದ್ದೇ ಶುಕ್ರವಾರ, ಅಲೈಡಾ!”

“ನಾಳೆ ಗುರುವಾರ ಇದೆಯಲ್ಲ.”

ಗುರುವಾರ ಬೆಳಿಗ್ಗೆ ಸಕ್ಕರೆ ಬ್ರೆಡ್ಡನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟುಕೊಂಡು ಅವಳು ಸೇತುವೆಯ ಕಾವಲುಮನೆಗೆ ಹೋದಳು. ಅಲ್ಲಿ ನಲವತ್ತು ವರ್ಷದಿಂದ ವೀಬ್ರೆನ್ ಕಾವಲುಗಾರ.

“ಸಕ್ಕರೆ ಬ್ರೆಡ್ಡಾ? ಏನೋ ತಪ್ಪು ಹುಡುಕೋಕೆ ಬಂದಿದೀಯ ಹುಡುಗಿ.”

ಐವತ್ತಮೂರರ ಅಲೈಡಾ ನಕ್ಕಳು. “ಅಂಕಿಗಳು ಜಿಗಿದಿರೋದು ಹೆಚ್ಚಾಗಿ ಜುಲೈ ಮಧ್ಯಾಹ್ನ. ಆಗ ಸೇತುವೆಗೆ ಏನು ಮಾಡ್ತೀರಿ?”

“ಸ್ನಾನ ಮಾಡಿಸ್ತೀನಿ. ಬಿಸಿಲಿಗೆ ಉಬ್ಬಿ ಕಚ್ಕೊಂಡ್ರೆ ಈ ಮುದುಕಿ ಏಳಲ್ಲ. ಕಾಲುವೆ ನೀರು ಎರಚಿದ್ರೆ ತಟ್ಟನೆ ತಣ್ಣಗಾಗಿ ಕುಗ್ತಾಳೆ. ಓದಿದೋರಿಗೆ ಇದನ್ನೂ ಹೇಳ್ಬೇಕಾ?”

“ಎಂದೆಂದು ಅಂತ ಬರೆದಿಟ್ಟಿದೀರಾ?”

“ಓಹೋ! ಕಕ್ಕಸಿನ ಗೋಡೆ ಮೇಲೆ.”

ಆ ನಾಡಿನ ಎಲ್ಲರ ಮನೆಯ ಕಕ್ಕಸಿನಂತೆ ಅಲ್ಲಿಯೂ ನಂಟರಿಷ್ಟರ ಹುಟ್ಟುಹಬ್ಬಗಳನ್ನು ಬರೆದಿಡುವ ಕ್ಯಾಲೆಂಡರ್ ತೂಗುತ್ತಿತ್ತು. ಮೊಮ್ಮಕ್ಕಳ ಹೆಸರುಗಳ ಪಕ್ಕದಲ್ಲಿ ಪುಟ್ಟ ಹನಿಗಳ ಚಿತ್ರ, ಹೊತ್ತು ಸಹಿತ. ಆದರೆ ವರ್ಷ ಬದಲಾದರೂ ಬದಲಾಗದ ಕ್ಯಾಲೆಂಡರ್ ಅದು, ಇಸವಿಯೇ ಇಲ್ಲ. ನಾಲ್ಕು ಬೇಸಗೆಗಳ ಹನಿಗಳು ಅವೇ ಹಾಳೆಗಳಲ್ಲಿ ಬೆರೆತಿದ್ದವು. ಯಾವ ಹನಿ ಯಾವ ವರ್ಷದ್ದೆಂದು ಅಲೈಡಾಳಿಗೆ ತಿಳಿಯಲಿಲ್ಲ.

“ಶಾಯಿ ನೋಡು,” ಎಂದ ವೀಬ್ರೆನ್. “ಹೊಸವರ್ಷಕ್ಕೊಂದು ಪೆನ್ನು ಕೊಟ್ಟು ಹಳೇದು ಕಿತ್ಕೊಳ್ತಾಳೆ ನನ್ನವಳು. ಹಸಿರು, ಕೆಂಪು, ನೀಲಿ, ಈ ವರ್ಷ ಕಂದು.”

ಬಣ್ಣ ಹಿಡಿದು ವಿಂಗಡಿಸಿದಾಗ ಮೂವತ್ತೊಂದು ಜಿಗಿತಗಳು ಹನಿಗಳಿಗೆ ಸರಿಹೊಂದಿದವು. ಮೂರು ಉಳಿದವು.

“ಅವತ್ತೂ ನೀರು ಹಾಕ್ದೆ ಅಂತ ಬರ್ಕೋ. ಯಾರು ಕೇಳ್ತಾರೆ? ಸೇತುವೆ ಉಳೀಲಿ.”

“ಮೂರೂ ಹೋದ ಅಕ್ಟೋಬರಿನವು, ವೀಬ್ರೆನ್. ಹಾಕಿದ್ರಾ?”

ಮುದುಕ ಕಾಲುವೆಯತ್ತ ನೋಡಿದ. “ಆ ಚಳೀಲಾ? ಇಲ್ಲ.”

ಆ ಮೂರರಿಂದಲೇ ಸೇತುವೆ ಮುಚ್ಚಿಹೋದೀತೆಂಬ ಅಳುಕು ಅವಳಿಗಿಲ್ಲದೆ ಇರಲಿಲ್ಲ. ಆದರೂ ಬರೆದಳು: ‘ಮೂವತ್ತೊಂದಕ್ಕೆ ಕಾರಣ, ನೀರೆರೆದದ್ದು. ಆಧಾರ, ಕಾವಲುಮನೆಯ ಶೌಚಾಲಯದ ಕ್ಯಾಲೆಂಡರ್. ಉಳಿದ ಮೂರಕ್ಕೆ ಕಾರಣ ತಿಳಿಯದು.’ ಒಂದು ಅಂಕಿಯನ್ನೂ ಒರೆಸಲಿಲ್ಲ.

ಓದಿದ ಯೋರಿಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಲೆಕ್ಕವನ್ನು ಹೊಸದಾಗಿ ಮಾಡಿದ. ಉಳಿದ ಮೂರೂ ಜಿಗಿತಗಳು ಎಡಗಡೆಯ ಕೀಲಿನ ಸಂವೇದಕದವು; ಸೇತುವೆಯನ್ನು ಮುಚ್ಚಬೇಕಿಲ್ಲ, ಆ ಕೀಲನ್ನು ಮಾತ್ರ ಬಿಚ್ಚಿ ನೋಡಬೇಕೆಂದು ಫಲ ಬಂದಿತು. ಪುರಸಭೆಗೆ ಆ ಉತ್ತರವೇ ಹೋಯಿತು. ಮುಂದಿನ ವಾರ ಬಿಚ್ಚಿ ನೋಡಿದರೆ ಎರಡು ಬೋಲ್ಟುಗಳು ಸವೆದು ಸಡಿಲವಾಗಿದ್ದವು. ಅರ್ಧ ದಿನದಲ್ಲಿ ಹೊಸವು ಕೂತವು. ಸಂಜೆ ಮಕ್ಕಳು ಸೈಕಲ್ ಗಂಟೆ ಬಾರಿಸುತ್ತ ದಾಟಿದರು.

“ಆ ಮೂರನ್ನೂ ಒರೆಸಿದ್ದಿದ್ರೆ?” ಎಂದ ಯೋರಿಸ್, ದನಿ ತಗ್ಗಿಸಿ.

“ಒರೆಸಲಿಲ್ಲವಲ್ಲ. ಕಾಫಿ ತಗೊಂಡ್ ಬಾ.”

ಅಲೈಡಾ ವೀಬ್ರೆನ್‌ನಿಗೆ ಇಸವಿಯುಳ್ಳ ದಿನಚರಿಯೊಂದನ್ನು ಒಯ್ದುಕೊಟ್ಟಳು. ಅವನು ಅದನ್ನು ಹಳೆಯ ಕ್ಯಾಲೆಂಡರಿನ ಪಕ್ಕದಲ್ಲೇ ತೂಗುಹಾಕಿ, ಅವಳ ಹುಟ್ಟಿದ ದಿನ ಕೇಳಿಕೊಂಡು, ಕ್ಯಾಲೆಂಡರಿನ ಮಾರ್ಚ್ ಹಾಳೆಯಲ್ಲಿ ಮೊಮ್ಮಕ್ಕಳ ಹೆಸರುಗಳ ಕೆಳಗೆ ಕಂದು ಶಾಯಿಯಿಂದ ‘ಅಲೈಡಾ’ ಎಂದು ಬರೆದ.

ಸರ್ವಸಾಕ್ಷಿಯಾದ ಪರಮಾತ್ಮನು ಆ ಹೆಸರಿನವಳಿಗೆ ದೀರ್ಘಾಯುಷ್ಯವನ್ನೀಯಲಿ. ಅವಳ ಪತಿಯೂ ಮಕ್ಕಳೂ ದಾಟುವ ಸೇತುವೆಗಳೆಲ್ಲ ಗಟ್ಟಿಯಾಗಿರಲಿ. ಅವರ ಮನೆಯ ಮೇಜಿನ ಮೇಲೆ ರೊಟ್ಟಿಯೂ, ಮಾತಿನಲ್ಲಿ ಸತ್ಯವೂ ಎಂದಿಗೂ ತೀರದಿರಲಿ.