ಕಿವಿಗೆ ಒಂದು ಚಿಟಿಕೆ ಹತ್ತಿ

ನಮ್ಮ ಓಣಿಯಲ್ಲಿ ನಾನು ಬರುವುದನ್ನು ಕಂಡರೆ ಜನ ಬೇರೆ ದಾರಿ ಹಿಡಿಯುತ್ತಾರೆ. ನಾನು ಜಗಳಗಂಟನೇನೂ ಅಲ್ಲ. ಬನಹಟ್ಟಿಯಲ್ಲಿ ನಾಲ್ಕು ಪಾವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವ ಸಾಮಾನ್ಯ ಮನುಷ್ಯ. ಆದರೆ ಆರೋಗ್ಯದ ವಿಷಯ ಬಂತೆಂದರೆ ನನ್ನ ಬಾಯಿಗೆ ಬೀಗವಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಒಂದು ತಂಬಿಗೆ ಬಿಸಿನೀರು, ಮಗ್ಗದ ಪಕ್ಕದಲ್ಲಿ ಇನ್ನೊಂದು. ಆಮೇಲೆ ಹೊಲದ ದಾರಿಯಲ್ಲಿ ನಡಿಗೆ. ಚಹಾಕ್ಕೆ ಸಕ್ಕರೆ ಇಲ್ಲ. ಹೊತ್ತು ಮುಳುಗುವ ಮೊದಲೇ ಊಟ. ಇದನ್ನು ತೇರದಾಳದ ಜೈನ ಗೆಳೆಯನೊಬ್ಬನಿಂದ ಕಲಿತೆ. ಅವನು ಯಾರಿಗೂ ಹೇಳದೆ ಮಾಡುತ್ತಾನೆ, ನಾನು ಎಲ್ಲರಿಗೂ ಹೇಳಿ ಮಾಡುತ್ತೇನೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ಷಡ್ಡಕನ ಮನೆಗೆ ಹೋಗಿ, ಅವನ ಪಡಸಾಲೆಯಲ್ಲೇ ಕೂತು, ಸಕ್ಕರೆ ಹೇಗೆ ವಿಷ ಎಂದು ಒಂದು ತಾಸು ವಿವರಿಸಿ ಬಂದಿದ್ದೇನೆ. ಅವನು ಬಸ್ ಸ್ಟ್ಯಾಂಡಿನವರೆಗೂ ಬಂದು ಕಳಿಸಿದ. ಪ್ರೀತಿಯಿಂದ ಬಂದನೆಂದುಕೊಂಡೆ. ನಾನು ನಿಜಕ್ಕೂ ಬಸ್ ಹತ್ತುತ್ತೇನೋ ಇಲ್ಲವೋ ನೋಡಲು ಬಂದಿದ್ದನೆಂದು ಈಗ ಅನ್ನಿಸುತ್ತದೆ.

ನನ್ನ ವೈದ್ಯಕ್ಕೆ ಸಾಕ್ಷಿಯಾಗಿ ಹೆಂಡತಿಯನ್ನೇ ತೋರಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಅವಳ ತಾಯಿ ತೀರಿಕೊಂಡಾಗ ಅವಳಿಗೆ ಪ್ರಾಣಾಯಾಮ ಹೇಳಿಕೊಟ್ಟಿದ್ದೆ. ಎರಡೇ ವಾರದಲ್ಲಿ ಅಳು ನಿಂತಿತು. ಮದುವೆ ಮನೆಗಳಲ್ಲಿ ಊಟಕ್ಕೆ ಕೂತವರಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎಲೆಯ ಮುಂದೆ ಕೂತವರು ಎದ್ದು ಹೋಗಲಾರರಲ್ಲ.

ಇಷ್ಟೆಲ್ಲ ನೇಮ ಮಾಡುವವನು ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ಮಗ್ಗಕ್ಕೆ ಕೂರುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿರಲಿಲ್ಲ.

ಮಗ್ಗದ ಶೆಡ್ಡು ಮನೆಗೆ ಅಂಟಿಕೊಂಡೇ ಇದೆ. ನಾಲ್ಕೂ ಮಗ್ಗ ಒಟ್ಟಿಗೆ ನಡೆದರೆ ಪಕ್ಕದಲ್ಲಿ ಪಟಾಕಿ ಸಿಡಿದರೂ ಗೊತ್ತಾಗುವುದಿಲ್ಲ. ನನ್ನ ಬೆನ್ನ ಹಿಂದೆ, ಗೋಡೆಯ ಹತ್ತಿರ, ಹೆಂಡತಿ ರಾಟಿ ಹಾಕಿಕೊಂಡು ಕೂರುತ್ತಾಳೆ. ಲಾಳಿಯೊಳಗೆ ಕೂರಿಸುವ ಕಂಡಿಕಿಗಳಿಗೆ ನೂಲು ಸುತ್ತುವುದು ಅವಳ ಕೆಲಸ. ಮದುವೆಯಾಗಿ ಬಂದಾಗಿನಿಂದ ಅವಳ ಕಿವಿಯಲ್ಲಿ ಹತ್ತಿ ಇದೆ. ಥಂಡಿಗೆ ಇಟ್ಟುಕೊಂಡಿದ್ದಾಳೆಂದು ನಾನು ಬಹಳ ದಿನ ತಿಳಿದಿದ್ದೆ. ಬೇಸಿಗೆಯಲ್ಲೂ ಇಟ್ಟುಕೊಂಡದ್ದು ಕಂಡು ಕೇಳಿದಾಗ ಅವಳು ಹೇಳಿದಳು:

"ಸಪ್ಪಳಕ್ಕ ಕಿವಿ ಹೋಕ್ಕಾವಂತ್ರಿ. ನೀವೂ ಇಟ್ಕೊರಿ."

"ಕಿವಿ ಮುಚ್ಕೊಂಡು ಕುಂತ್ರ ಎಳಿ ಹರಿದದ್ದು ಹೆಂಗ ತಿಳೀಬೇಕ? ನೇಕಾರಂದು ಕಣ್ಣಲ್ಲ ಬೇ, ಕಿವಿ ಮುಖ್ಯ."

ಈ ಮಾತು ನನಗೇ ಬಹಳ ಹಿಡಿಸಿತು. ಲಾಳಿಯ ಸಪ್ಪಳ ಒಂದಿಷ್ಟು ಬದಲಾದರೂ ಯಾವ ಮಗ್ಗದಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತೇನೆ ಎನ್ನುವುದು ನನ್ನ ಇನ್ನೊಂದು ಜಂಬ. ಮನೆ ತುಂಬ ನೂಲು, ಮೂಲೆ ಮೂಲೆಯಲ್ಲಿ ಹತ್ತಿಯ ತುಪ್ಪುಳು. ಬಿಸಿನೀರಿಗಾದರೂ ಒಲೆ ಹೊತ್ತಿಸಬೇಕು, ಹತ್ತಿಗೆ ಕೈ ಚಾಚಿದರೆ ಸಾಕಿತ್ತು.

ಮಗ್ಗದವರು ಮಾತನ್ನು ಕಿವಿಯಿಂದ ಕೇಳುವುದು ಕಡಿಮೆ. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇವೆ. ಚಿಕ್ಕಂದಿನಿಂದ ರೂಢಿಯಾದ ವಿದ್ಯೆ, ಅದನ್ನು ವಿದ್ಯೆಯೆಂದೂ ಯಾರೂ ಅನ್ನುವುದಿಲ್ಲ. ಹಾಗಾಗಿ ನನ್ನ ಕಿವಿ ಯಾವಾಗ ಮಂದವಾಯಿತೋ ನನಗೆ ಗೊತ್ತೇ ಆಗಲಿಲ್ಲ. ಕಣ್ಣು ಅದರ ಕೆಲಸವನ್ನೂ ಸೇರಿಸಿ ಮಾಡುತ್ತಿತ್ತು.

ಆಮೇಲೆ ಕೊರೋನಾ ಬಂತು. ಮಗ್ಗ ನಿಂತವು. ಮತ್ತೆ ಶುರುವಾದಾಗ ಊರ ತುಂಬ ಮಾಸ್ಕು. ಒಂದು ವಿಚಿತ್ರ ಕಂಡೆ. ಇಡೀ ಬನಹಟ್ಟಿಯ ದನಿಯೇ ಕುಗ್ಗಿಹೋಗಿತ್ತು. ಕಿರಾಣಿ ಅಂಗಡಿಯವರು, ಆಟೋದವರು, ರಬಕವಿಯಿಂದ ಬರುವ ಬೀಗರು, ಎಲ್ಲರೂ ಬಾಯೊಳಗೇ ಗೊಣಗುತ್ತಿದ್ದರು. ರೋಗ ಗಂಟಲಲ್ಲಿ ಕೂತಿದೆ ಎಂದು ನಾನು ತೀರ್ಮಾನಿಸಿದೆ. ಸಿಕ್ಕಸಿಕ್ಕವರಿಗೆ ಉಪ್ಪುನೀರಿನಲ್ಲಿ ಗುಳುಗುಳು ಮಾಡಲು ಹೇಳಿದೆ. ಗಂಟಲು ಕೆಟ್ಟರೆ ಪುಪ್ಪುಸ ಕೆಡುತ್ತದೆ ಎಂದು ಹೆದರಿಸಿದೆ. ಪಾಪ, ಕೆಲವರು ಮಾಡಿದರು ಕೂಡ. ಗುಣ ಕಾಣಲಿಲ್ಲವೆಂದಾಗ ಉಪ್ಪು ಹೆಚ್ಚಿಸಿ ಎಂದೆ.

ಎಲ್ಲರಿಗಿಂತ ಹೆಚ್ಚು ತೊಂದರೆಗೆ ಸಿಕ್ಕವನು ನನಗೆ ನೂಲು ಕೊಡುವ ವ್ಯಾಪಾರಿ, ಶಾಲೆಯಲ್ಲಿ ನನ್ನ ಜೊತೆ ಓದಿದವನು. ಅವನ ಅಂಗಡಿಗೆ ಹೋದಾಗಲೆಲ್ಲ ಗಂಟಲು ವಿಚಾರಿಸುತ್ತಿದ್ದೆ. ಒಂದು ದಿನ ಅವನಿಗೆ ತಾಳ್ಮೆ ಕೆಟ್ಟಿತು. ದೂರ ಸರಿದು ನಿಂತು, ಮಾಸ್ಕು ಕೆಳಗೆಳೆದ.

"ಈಗ ಕೇಳಸ್ತೈತೇನು?"

"ಹಾಂ, ಈಗ ಛಲೋ ಐತಿ ನೋಡು. ಉಪ್ಪುನೀರ ಕೆಲಸ ಮಾಡೇತಿ."

"ಉಪ್ಪುನೀರಲ್ಲೋ ಲೇ. ನಾ ಅಷ್ಟ ದನಿಲೆ ಮಾತಾಡಾಕತ್ತೇನಿ. ಬಾಯಿ ಕಂಡಿದ್ದಕ್ಕ ನಿನಗ ತಿಳಿಯಾಕತ್ತೇತಿ. ಸುಮ್ನ ಹೋಗಿ ಕಿವಿ ತೋರಿಸ್ಕೊ."

ಅಂಗಡಿಯಲ್ಲಿ ಕೂತಿದ್ದವರು ತಲೆ ಬಗ್ಗಿಸಿ ನಕ್ಕರು.

ಜಮಖಂಡಿಯ ಕಿವಿ ಡಾಕ್ಟರರ ಹತ್ತಿರ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವರು ಏನೇನೋ ಯಂತ್ರ ಹಚ್ಚಿ ನೋಡಿ, ಮಾಸ್ಕು ಸರಿಸಿ, ನನಗೆ ತಿಳಿಯುವ ಹಾಗೆ ಹೇಳಿದರು: "ಹ್ವಾದದ್ದು ಹೋತ್ರಿ, ತಿರುಗಿ ಬರೂದಿಲ್ಲ. ಉಳದದ್ದರ ಉಳಿಸ್ಕೋರಿ. ಮಗ್ಗದ ಮುಂದ ಹಿಂಗ ಕುಂತ್ರ ಅದೂ ಹೊಕ್ಕೈತಿ." ಕಿವಿಗೆ ಇಟ್ಟುಕೊಳ್ಳಲು ರಬ್ಬರಿನ ಬೆಣೆ ಬರೆದುಕೊಟ್ಟರು. ಅದು ಸಿಗುವತನಕ ಹತ್ತಿಯಾದರೂ ಇರಲಿ, ಏನೂ ಇಲ್ಲದ್ದಕ್ಕಿಂತ ವಾಸಿ ಎಂದರು. ಎಂದಿನಿಂದ ಹೀಗೆ ಎಂದು ಕೇಳಿದಾಗ ನಾನು "ಮೊನ್ಮೊನ್ನೆ" ಎನ್ನುವಷ್ಟರಲ್ಲಿ ಹೆಂಡತಿ ಮಾಸ್ಕು ಇಳಿಸಿ ನನ್ನ ಎದುರಿಗೆ ಬಂದು ನಿಂತಳು.

"ಇಲ್ರಿ, ನಮ್ಮವ್ವ ಹ್ವಾದ ವರ್ಷದಿಂದ. ಅವಾಗಿಂದ ನಾ ಇವರ ಎದುರಿಗೆ ಬಂದ ಮಾತಾಡ್ತೇನ್ರಿ."

ನನಗೆ ಮುಖ ಎತ್ತಲಾಗಲಿಲ್ಲ. ಹೆಂಡತಿ ಎದುರಿಗೆ ಬಂದು ನಿಂತು ಮಾತಾಡುತ್ತಾಳೆ, ಬಹಳ ಧೈರ್ಯವಂತೆ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೆ. ಅವಳ ಧೈರ್ಯಕ್ಕೂ ನನ್ನ ಬಿಸಿನೀರೇ ಕಾರಣ ಎಂದಿದ್ದೆ.

ಮರುದಿನದಿಂದ ಹತ್ತಿ ಇಟ್ಟುಕೊಂಡೆ. ಮೊದಲ ದಿನವೇ ಎಳೆ ಹರಿದದ್ದು ತಿಳಿಯದೆ ಒಂದು ಸೀರೆಯ ಅಂಚು ಹಾಳಾಯಿತು. ಕಿತ್ತು ಎಸೆಯಬೇಕೆನಿಸಿತು. ಸಪ್ಪಳವಿಲ್ಲದೆ ನಾನು ನೇಕಾರನೇ ಅಲ್ಲವೇನೋ ಎಂದು ಹೆದರಿಕೆಯೂ ಆಯಿತು. ಹೆಂಡತಿ ನೋಡಿ, ನನ್ನ ಅಂಗೈ ಹಿಡಿದು ಮಗ್ಗದ ಚೌಕಟ್ಟಿನ ಮೇಲೆ ಇಟ್ಟಳು. ಲಾಳಿಯ ಹೊಡೆತ ಕೈಗೆ ತಿಳಿಯುತ್ತಿತ್ತು. ನಿಧಾನಕ್ಕೆ ಅದೇ ರೂಢಿಯಾಯಿತು. ರೂಢಿಯಾದ ಕೂಡಲೇ ಓಣಿಯ ನೇಕಾರರಿಗೆಲ್ಲ ಹತ್ತಿಯ ಮಹಿಮೆ ಹೇಳಲು ಹೊರಟೆ. ಅವರು ಮೊದಲೇ ಇಟ್ಟುಕೊಂಡಿದ್ದರು, ಮಗ್ಗಕ್ಕಲ್ಲ, ನನಗಾಗಿ.

ಹಾಗಿರುವಾಗ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ನಾನು ಹತ್ತಿ ತೆಗೆದು, ಎಂದಿನಂತೆ ಬಿಸಿನೀರಿನ ತಂಬಿಗೆಗೆ ಕೈ ಹಾಕಿ, ಯಾಕೋ ಹಿಂದೆ ತಿರುಗಿ ನೋಡಿದೆ. ಅವಳು ಕಂಡಿಕಿಗಳನ್ನು ಬುಟ್ಟಿಗೆ ಹಾಕುತ್ತಿದ್ದಳು. ಸ್ಟೂಲು ತೆಗೆದುಕೊಂಡು ಹೋಗಿ ಅವಳ ಎದುರಿಗೆ ಕೂತೆ.

"ಒಂದ ಮಾತ ಕೇಳ್ತೀನಿ. ನಿಮ್ಮವ್ವ ಹ್ವಾದಾಗಿಂದ ನನಗ ಕೇಳ್ಸೂದಿಲ್ಲಂತ ನಿನಗ ಹೆಂಗ ತಿಳೀತು?"

ಅವಳು ಕೈಯಲ್ಲಿದ್ದ ಕಂಡಿಕಿಯನ್ನು ಬುಟ್ಟಿಗೆ ಹಾಕಿದಳು.

"ಮನ್ಯಾಗ ಎಲ್ಲಾರ ಮುಂದ ಅಳಾಕ ಆಗ್ತಿದ್ದಿಲ್ರಿ. ಇಲ್ಲೆ ಕುಂತ ಅಳತಿದ್ದೆ. ಮಗ್ಗದ ಸಪ್ಪಳದಾಗ ಯಾರಿಗೂ ಕೇಳ್ತಿದ್ದಿಲ್ಲ. ಕರೆಂಟ್ ಹೋತಂದ್ರ ಗಬಕ್ನ ಸೆರಗ ಬಾಯಾಗ ತುರ್ಕೊಂತಿದ್ದೆ, ನಿಮಗ ಕೇಳೀತಂತ. ಒಂದಿನ ತಡ್ಕೊಳ್ಳಾಕ ಆಗ್ಲೇ ಇಲ್ಲ, ದನಿ ತಗದ ಅತ್ತೆ. ನೀವು ಆ ಕಡೆ ಮಾರಿ ಮಾಡಿ ಬಿಸಿನೀರ ಕುಡದ್ರಿ. ಅವತ್ತ ತಿಳೀತು."

ತಂಬಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಕೆಳಗಿಟ್ಟೆ. ಎರಡು ವಾರದಲ್ಲಿ ಅಳು ನಿಂತ ಕಥೆ ಕೇಳಿದ ಮದುವೆ ಮನೆಗಳ ಪಂಕ್ತಿಯೆಲ್ಲ ಕಣ್ಣ ಮುಂದೆ ಬಂತು.

"ಎಷ್ಟ ದಿನ ಅತ್ತಿ?" ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಈಗ್ಯಾಕ ಬಿಡ್ರಿ ಅದೆಲ್ಲ," ಎಂದಳು. ಆಮೇಲೆ ಕರೆಂಟ್ ಬರುವತನಕ ಅವರವ್ವನ ವಿಷಯ ಹೇಳಿದಳು. ನಾನು ನಡುವೆ ಏನೂ ಹೇಳಲಿಲ್ಲ. ಉಸಿರಾಟದ ಬಗ್ಗೆಯಂತೂ ಒಂದು ಮಾತೂ ಆಡಲಿಲ್ಲ.

ಮರುದಿನ ಮಗ್ಗ ಶುರು ಮಾಡುವ ಮೊದಲು ಅವಳ ರಾಟಿಯನ್ನು ಗೋಡೆಯಿಂದ ಎತ್ತಿ ತಂದು, ನನಗೆ ಎದುರಾಗಿ, ಅವಳ ಮುಖ ಕಾಣುವ ಹಾಗೆ ಇಟ್ಟೆ.